ಬಟ್ಟೆಯಲ್ಲಿ ಕೆಲಸ ಹೆಚ್ಚಿದ್ದರೆ ಹೊಲಿಗೆಯಲ್ಲಿ ಕಡಿಮೆಯಿರಲಿ: ವಿನ್ಯಾಸದ ಬಟ್ಟೆಗಳಿಂದ ಉಡುಗೊರೆ ಹೊಲಿಯುವ ಬಗೆ

ಬೆಂಗಳೂರಿನ ಅನೇಕ ಮನೆಗಳ ಬೀರುವಿನಲ್ಲಿ ಕತ್ತರಿ ಸೋಕದೆ ಉಳಿದ ಒಂದೆರಡು ಮೀಟರ್ ಒಳ್ಳೆಯ ಬಟ್ಟೆ ಇದ್ದೇ ಇರುತ್ತದೆ. ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿನ ಆವರಣದಲ್ಲಿ ನಡೆದ ಕರಕುಶಲ ಮೇಳದಲ್ಲಿ ಆಸೆಪಟ್ಟು ಕೊಂಡ, ಮರದ ಅಚ್ಚಿನಿಂದ ಚಿತ್ತಾರ ಮೂಡಿಸಿದ ಅಜ್ರಕ್, ಗೌರಿ ಹಬ್ಬದ ಬಾಗಿನದೊಂದಿಗೆ ಬಂದ ಗುಳೇದಗುಡ್ಡದ ಖಣ, ವಿನ್ಯಾಸಕಾರರ ಹೆಸರನ್ನು ಅಂಚಿನಲ್ಲೇ ಅಚ್ಚು ಹಾಕಿರುವ ಹತ್ತಿಯ ಬಟ್ಟೆ, ಹೀಗೆ ಒಂದೊಂದಕ್ಕೂ ಒಂದೊಂದು ನೆನಪು ಅಂಟಿಕೊಂಡಿರುವುದರಿಂದ, ಕತ್ತರಿಸಿದ ಮೇಲೆ ಕೆಟ್ಟರೆ ಏನು ಗತಿ ಎಂಬ ಅಳುಕಿನಲ್ಲಿ ಅವು ಮಡಿಸಿಟ್ಟಲ್ಲೇ ಹಳೆಯದಾಗುತ್ತವೆ. ಯಂತ್ರದ ಮೇಲೆ ನೇರವಾಗಿ ಒಂದು ಗೆರೆ ಹೊಲಿಯಬಲ್ಲ ಯಾರು ಬೇಕಾದರೂ ಇಂಥ ಬಟ್ಟೆಯಿಂದ ನಾಲ್ಕು ಜನರಿಗೆ ಕೊಡುವಂಥ ಉಡುಗೊರೆಯನ್ನು ಹೊಲಿಯಬಹುದು. ಅದಕ್ಕೆ ಬೇಕಾದದ್ದು ಹೆಚ್ಚಿನ ಕೈಚಳಕವಲ್ಲ, ಬಟ್ಟೆಯಲ್ಲಿ ಕೆಲಸ ಹೆಚ್ಚಿದ್ದಷ್ಟೂ ಹೊಲಿಗೆಯಲ್ಲಿ ಕೆಲಸ ಕಡಿಮೆ ಇರಬೇಕೆಂಬ ಒಂದು ಎಚ್ಚರ. ನೇಕಾರರೋ ಅಚ್ಚು ಹಾಕುವವರೋ ಆಗಲೇ ಮಾಡಿ ಮುಗಿಸಿರುವ ಚಿತ್ತಾರದ ಮೇಲೆ ನಾವು ನೆರಿಗೆ, ಲೇಸು, ಗುಂಡಿಗಳನ್ನು ಪೇರಿಸಿದರೆ ಎರಡೂ ಕಾಣದೆ ಹೋಗುತ್ತವೆ.

ಈ ಲೇಖನದಲ್ಲಿ ಲಾಡಿ ಎಳೆದು ಮುಚ್ಚುವ ಸಂಚಿಯನ್ನೂ ಜಿಪ್ ಚೀಲವನ್ನೂ ವಿವರವಾಗಿ, ದಿಂಬಿನ ಕವರನ್ನೂ ಕೌದಿಯನ್ನೂ ಚುಟುಕಾಗಿ ಹೇಳಿದೆ. ಮನೆಯಲ್ಲಿರುವ ಹಳೆಯ ಕಪ್ಪು ಬಣ್ಣದ, ಕಾಲಿನಿಂದ ತುಳಿಯುವ ಯಂತ್ರವೇ ಈ ನಾಲ್ಕಕ್ಕೂ ಸಾಕು, ಏಕೆಂದರೆ ಇವುಗಳಲ್ಲಿ ನೇರ ಹೊಲಿಗೆಯನ್ನು ಬಿಟ್ಟು ಬೇರೇನೂ ಇಲ್ಲ.

ಬಟ್ಟೆಯನ್ನು ನೋಡಿ ವಸ್ತುವನ್ನು ಆರಿಸುವುದು

ಸಾಮಾನ್ಯವಾಗಿ ನಾವು ಮೊದಲು ಏನು ಹೊಲಿಯಬೇಕೆಂದು ತೀರ್ಮಾನಿಸಿ ಆಮೇಲೆ ಬಟ್ಟೆ ಹುಡುಕುತ್ತೇವೆ. ವಿನ್ಯಾಸದ ಬಟ್ಟೆಯ ವಿಷಯದಲ್ಲಿ ಈ ಕ್ರಮ ತಲೆಕೆಳಗಾಗಬೇಕು. ಬಟ್ಟೆಯನ್ನು ಮೇಜಿನ ಮೇಲೆ ಹರಡಿ, ಚಿತ್ತಾರದ ಒಂದು ಹೂವೋ ಬಳ್ಳಿಯೋ ಎಷ್ಟು ಇಂಚಿಗೊಮ್ಮೆ ಮರುಕಳಿಸುತ್ತದೆ ಎಂಬುದನ್ನು ಟೇಪಿನಿಂದ ಅಳೆಯಿರಿ. ಎರಡು ಮೂರು ಇಂಚಿಗೊಮ್ಮೆ ಮರುಕಳಿಸುವ ಸಣ್ಣ ಬುಟ್ಟಾ, ಖಣದ ಚಿಕ್ಕ ಚುಕ್ಕಿ, ರಾಜಸ್ಥಾನದ ಬಗ್ರು ಅಥವಾ ಸಾಂಗಾನೇರಿನ ಸಣ್ಣ ಅಚ್ಚು ಇವೆಲ್ಲ ಸಂಚಿ, ಕನ್ನಡಕದ ಚೀಲದಂಥ ಸಣ್ಣ ವಸ್ತುಗಳಿಗೆ ಹೊಂದುತ್ತವೆ. ಹತ್ತು ಹನ್ನೆರಡು ಇಂಚು ಉದ್ದದ ಜೀವವೃಕ್ಷವೋ ನವಿಲೋ ಇರುವ ಕಲಂಕಾರಿಯನ್ನು ಸಣ್ಣ ಸಂಚಿಗೆ ಕತ್ತರಿಸಿದರೆ ಒಂದರ ಮೇಲೆ ಬಾಲ, ಇನ್ನೊಂದರ ಮೇಲೆ ಕಾಲು ಉಳಿಯುತ್ತದೆ. ಅದು ದಿಂಬಿನ ಕವರಿಗೋ ದೊಡ್ಡ ಕೈಚೀಲಕ್ಕೋ ಮೀಸಲಾಗಲಿ.

ಯಾವ ಭಾಗವನ್ನು ಕತ್ತರಿಸಬೇಕೆಂದು ತಿಳಿಯಲು ಒಂದು ಸುಲಭ ಸಾಧನವನ್ನು ಹಳೆಯ ಮದುವೆ ಕರೆಯೋಲೆಯ ದಪ್ಪ ಕಾಗದದಿಂದ ಮಾಡಿಕೊಳ್ಳಬಹುದು. ಹೊಲಿದು ಮುಗಿದ ಮೇಲೆ ವಸ್ತು ಎಷ್ಟಿರಬೇಕೋ ಅಷ್ಟು ಅಳತೆಯ ಕಿಟಕಿಯನ್ನು ಕಾಗದದ ನಡುವೆ ಕತ್ತರಿಸಿ, ಅದರ ಸುತ್ತ ಅರ್ಧ ಇಂಚಿನ ಚೌಕಟ್ಟನ್ನು ಉಳಿಸಿ. ಕಾಗದ ಚಿಕ್ಕದೆನಿಸಿದರೆ ಎರಡು ಹಾಳೆಗಳನ್ನು ಅಂಟಿಸಿಕೊಳ್ಳಿ. ಈ ಕಿಟಕಿಯನ್ನು ಬಟ್ಟೆಯ ಮೇಲೆ ಸರಿಸುತ್ತ ಹೋದರೆ ಯಾವ ಹೂವು ನಡುವೆ ಬರುತ್ತದೆ, ಯಾವುದು ಅಂಚಿನಲ್ಲಿ ತುಂಡಾಗುತ್ತದೆ ಎಂಬುದು ಕತ್ತರಿ ಎತ್ತುವ ಮೊದಲೇ ಕಣ್ಣಿಗೆ ಕಾಣುತ್ತದೆ. ಒಳಗಿನ ಗೆರೆ ಹೊಲಿಗೆಯದು, ಹೊರಗಿನ ಗೆರೆ ಕತ್ತರಿಯದು.

ಚಿತ್ತಾರಕ್ಕೆ ತಲೆ ಬಾಲವಿದೆಯೇ ಎಂಬುದನ್ನೂ ಈ ಹಂತದಲ್ಲೇ ನೋಡಬೇಕು. ನಾನು ಒಮ್ಮೆ ಸಾಲು ಸಾಲು ಆನೆಗಳಿದ್ದ ಬಟ್ಟೆಯನ್ನು ಉಳಿತಾಯದ ಹುಮ್ಮಸ್ಸಿನಲ್ಲಿ ನಡುವೆ ಮಡಿಸಿ ಆರು ಸಂಚಿ ಹೊಲಿದು ಮುಗಿಸಿದೆ. ಲಾಡಿ ಪೋಣಿಸಿ ತಿರುಗಿಸಿದಾಗಲೇ ಗೊತ್ತಾದದ್ದು, ಹಿಂಬದಿಯ ಆನೆಗಳೆಲ್ಲ ಕಾಲು ಮೇಲೆ ಮಾಡಿ ಮಲಗಿದ್ದವು. ಇಂಥ ಬಟ್ಟೆಯನ್ನು ಎರಡು ಬಿಡಿ ತುಂಡುಗಳಾಗಿ ಕತ್ತರಿಸಿ ತಳದಲ್ಲಿ ಹೊಲಿಗೆ ಹಾಕುವುದೊಂದೇ ದಾರಿ.

ಕೊಳ್ಳುವುದು, ಅಳೆಯುವುದು

ಬೀರುವಿನಲ್ಲಿ ಇಲ್ಲದಿದ್ದರೆ ಪೇಟೆಗೆ ಹೋಗಬೇಕು. ಮೆಟ್ರೋ ಹಸಿರು ಮಾರ್ಗದ ಚಿಕ್ಕಪೇಟೆ ನಿಲ್ದಾಣದಲ್ಲಿ ಇಳಿದರೆ ಮೀಟರ್ ಲೆಕ್ಕದ ಬಟ್ಟೆಯೂ ಒಳಬಟ್ಟೆಯೂ ಕಾಲ್ನಡಿಗೆಯ ದೂರದಲ್ಲೇ ಸಿಗುತ್ತವೆ; ಲೇಸು, ಲಾಡಿ, ಕುಚ್ಚುಗಳಿಗೆ ಅವೆನ್ಯೂ ರಸ್ತೆಯ ರಾಜಾ ಮಾರ್ಕೆಟ್ಟಿನ ಸಣ್ಣ ಅಂಗಡಿಗಳಿವೆ. ಕೈಮಗ್ಗದ ಬಟ್ಟೆ ಬೇಕಿದ್ದವರು ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮದ ಪ್ರಿಯದರ್ಶಿನಿ ಮಳಿಗೆಗಳನ್ನೂ ಖಾದಿ ಭಂಡಾರಗಳನ್ನೂ ನೋಡಬಹುದು. ಆಗಸ್ಟ್ 7ರ ರಾಷ್ಟ್ರೀಯ ಕೈಮಗ್ಗ ದಿನದ ಆಸುಪಾಸಿನಲ್ಲಿ ನಡೆಯುವ ಮೇಳಗಳಿಗೆ ಹೋದರೆ ನೇಕಾರರ ಬಾಯಿಂದಲೇ ಬಟ್ಟೆಯ ಗುಣವನ್ನು ಕೇಳಿ ತಿಳಿಯುವ ಅವಕಾಶವಿರುತ್ತದೆ.

ಬಟ್ಟೆ ರೇಷ್ಮೆಯೋ ಹತ್ತಿಯೋ ಎಂಬ ಅನುಮಾನ ಬಂದರೆ ಸಿಲ್ಕ್ ಮಾರ್ಕ್ ಅಥವಾ ಹ್ಯಾಂಡ್‌ಲೂಮ್ ಮಾರ್ಕ್ ಚೀಟಿಯನ್ನು ನೋಡಿ. ಮನೆಯಲ್ಲೇ ಪರೀಕ್ಷಿಸಬೇಕಿದ್ದರೆ ಅಂಚಿನಿಂದ ನಾಲ್ಕು ಎಳೆ ಬಿಡಿಸಿ, ಇಕ್ಕಳದಲ್ಲಿ ಹಿಡಿದು, ನೀರಿನ ತಟ್ಟೆಯ ಮೇಲೆ ಸುಟ್ಟರೆ ಸಾಕು. ರೇಷ್ಮೆ ಕೂದಲು ಸುಟ್ಟ ವಾಸನೆ ಬೀರಿ, ಬೆರಳಲ್ಲಿ ಉಜ್ಜಿದರೆ ಪುಡಿಯಾಗುವ ಕಪ್ಪು ಬೂದಿಯನ್ನು ಬಿಡುತ್ತದೆ. ಹತ್ತಿ ಕಾಗದದಂತೆ ಉರಿಯುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಗುಂಡಾಗುತ್ತದೆ. ಈ ತಿಳಿವಳಿಕೆ ಕೇವಲ ಕುತೂಹಲಕ್ಕಲ್ಲ, ಮುಂದೆ ಇಸ್ತ್ರಿಯನ್ನು ಎಷ್ಟು ಬಿಸಿ ಮಾಡಬೇಕೆಂಬುದು ಇದರ ಮೇಲೆಯೇ ನಿಂತಿದೆ.

ಇನ್ನು ಅಳತೆಯ ಮಾತು. ಒಂದು ಮೀಟರ್ ಎಂದರೆ ಸುಮಾರು 39 ಇಂಚು, ಅಚ್ಚಿನ ಹತ್ತಿ ಬಟ್ಟೆಯ ಅಗಲ ಹೆಚ್ಚಾಗಿ 44 ಇಂಚು. ಒಗೆದಾಗ ಹತ್ತಿ ನೂರಕ್ಕೆ ಮೂರರಿಂದ ಐದು ಪಾಲಿನಷ್ಟು ಕುಗ್ಗುವುದು ಸಾಮಾನ್ಯ, ಅಂದರೆ 39 ಇಂಚು ಮೂವತ್ತೇಳು ಮೂವತ್ತೆಂಟಕ್ಕೆ ಇಳಿಯಬಹುದು. ಲೆಕ್ಕ ಹಾಕಿ ಒಂದು ಮೀಟರ್ ಬೇಕೆಂದು ಕಂಡರೆ ಅಂಗಡಿಯಲ್ಲಿ 1 ಮೀಟರ್ 10 ಸೆಂಟಿಮೀಟರ್ ಕೇಳಿ. ಆ ಹತ್ತು ಸೆಂಟಿಮೀಟರಿನಿಂದಾಗಿ ಕೊನೆಯ ಸಾಲಿನ ಸಂಚಿಗಳು ಉಳಿಯುತ್ತವೆ.

ಒಗೆತ, ಇಸ್ತ್ರಿ, ಹಾಸುಹೊಕ್ಕು

ಹೊಸ ಬಟ್ಟೆಯನ್ನು ಒಗೆಯದೆ ಹೊಲಿಯುವುದು ಈ ಕೆಲಸದಲ್ಲಿ ಎಲ್ಲಕ್ಕಿಂತ ದೊಡ್ಡ ತಪ್ಪು. ಹೊರಬಟ್ಟೆಯೂ ಒಳಬಟ್ಟೆಯೂ ಬೇರೆ ಬೇರೆ ಪ್ರಮಾಣದಲ್ಲಿ ಕುಗ್ಗುವುದರಿಂದ, ಉಡುಗೊರೆ ಪಡೆದವರು ಮೊದಲ ಸಲ ಒಗೆದ ದಿನವೇ ಸಂಚಿ ಸುಕ್ಕುಗಟ್ಟಿ ಸೊಟ್ಟಗಾಗುತ್ತದೆ. ಹತ್ತಿ ಬಟ್ಟೆಯನ್ನು ತಣ್ಣೀರಿನಲ್ಲಿ ಒಂದೆರಡು ಗಂಟೆ ನೆನೆಸಿ, ಹಿಂಡದೆ, ನೆರಳಿನಲ್ಲಿ ಹರವಿ ಒಣಗಿಸಿ. ಅಜ್ರಕ್, ಮಣ್ಣು ಮೆತ್ತಿ ಅಚ್ಚು ಹಾಕುವ ನೀಲಿಯ ದಾಬು, ಗಾಢ ಕೆಂಪಿನ ಅಚ್ಚುಗಳು ಬಣ್ಣ ಬಿಡುತ್ತವೆಯೇ ಎಂದು ನೋಡಲು ಬಿಳಿಯ ಹಳೆಯ ಪಂಚೆಯ ತುಂಡನ್ನು ಒದ್ದೆ ಮಾಡಿ ಬಟ್ಟೆಯ ಮೂಲೆಯಲ್ಲಿ ಚೆನ್ನಾಗಿ ಉಜ್ಜಿ. ಪಂಚೆಗೆ ಬಣ್ಣ ಹತ್ತಿದರೆ ನೀರು ತಿಳಿಯಾಗುವ ತನಕ ಮತ್ತೆ ಮತ್ತೆ ತೊಳೆಯಬೇಕು, ಆಗಲೂ ಹತ್ತುತ್ತಿದ್ದರೆ ಬಿಳಿಯ ಒಳಬಟ್ಟೆಯ ಆಸೆಯನ್ನು ಬಿಟ್ಟು ಅದೇ ಛಾಯೆಯದನ್ನು ಬಳಸಬೇಕು. ರೇಷ್ಮೆ, ಜರಿ, ಚಿನ್ನದ ಬಣ್ಣದ ಮೇಲಚ್ಚು ಇರುವ ಬಟ್ಟೆಗಳನ್ನು ಮಾತ್ರ ನೀರಿಗೆ ಹಾಕದೆ, ಮೇಲೊಂದು ತೆಳು ಬಟ್ಟೆ ಹಾಸಿ ಸಣ್ಣ ಬಿಸಿಯಲ್ಲಿ ಇಸ್ತ್ರಿ ಮಾಡಿದರೆ ಸಾಕು. ಜುಲೈ ಆಗಸ್ಟಿನ ಜಡಿಮಳೆಯ ದಿನಗಳಲ್ಲಿ ಬಟ್ಟೆ ಮುಟ್ಟಿದರೆ ಒಣಗಿದಂತೆ ಅನ್ನಿಸಿದರೂ ಎಳೆಗಳಲ್ಲಿ ತೇವ ಉಳಿದಿರುತ್ತದೆ. ಒಂದು ರಾತ್ರಿ ಫ್ಯಾನಿನ ಕೆಳಗೆ ಹರವಿ ಆಮೇಲೆ ಕತ್ತರಿಸಿ, ಇಲ್ಲದಿದ್ದರೆ ಎರಡು ಪದರಗಳ ನಡುವೆ ಬೂಷ್ಟು ಹಿಡಿಯುತ್ತದೆ.

ಕತ್ತರಿಸುವಾಗ ಹಾಸು ಮತ್ತು ಹೊಕ್ಕನ್ನು ಗಮನಿಸಬೇಕು. ಮಗ್ಗದ ಗಟ್ಟಿ ಅಂಚಿಗೆ ಸಮನಾಗಿ ಓಡುವ ಎಳೆ ಹಾಸು, ಅಡ್ಡಲಾಗಿ ಓಡುವುದು ಹೊಕ್ಕು. ಹಾಸಿನ ದಿಕ್ಕಿನಲ್ಲಿ ಬಟ್ಟೆ ಕಡಿಮೆ ಹಿಗ್ಗುವುದರಿಂದ ಚೀಲದ ಎತ್ತರವೂ ಹಿಡಿಕೆಯ ಉದ್ದವೂ ಹಾಸಿನುದ್ದಕ್ಕೇ ಬರುವಂತೆ ಇಟ್ಟುಕೊಳ್ಳಿ. ಕೈಮಗ್ಗದ ಬಟ್ಟೆಯಲ್ಲಿ ಪಟ್ಟೆಗಳು ಅಲ್ಲಲ್ಲಿ ಕೊಂಚ ಓರೆಯಾಗಿರುವುದುಂಟು. ಅದು ದೋಷವಲ್ಲ, ಅಳತೆಪಟ್ಟಿಯನ್ನು ನಂಬಿ ಪಟ್ಟೆಯನ್ನು ಅಡ್ಡ ಕಡಿಯುವ ಬದಲು ಒಂದು ಎಳೆಯನ್ನು ಎಳೆದು ತೆಗೆದು, ಆ ಖಾಲಿ ಗೆರೆಯಲ್ಲೇ ಕತ್ತರಿ ಓಡಿಸಿದರೆ ತುಂಡು ನೇರವಾಗಿ ಬರುತ್ತದೆ.

ಕಾಣದ ಪದರ, ಸೂಜಿ, ದಾರ

ಉಡುಗೊರೆಯ ಆಯುಷ್ಯವನ್ನು ನಿರ್ಧರಿಸುವುದು ಹೊರಗಿನ ಚೆಂದದ ಬಟ್ಟೆಯಲ್ಲ, ಅದರ ಬೆನ್ನಿಗಂಟಿದ ಫ್ಯೂಸಿಂಗ್. ದರ್ಜಿಗಳು ಕಾಲರಿಗೆ ಬಳಸುವ ಈ ಅಂಟುಬಟ್ಟೆ ಕಾಗದದಂಥದ್ದು, ಹತ್ತಿಯದ್ದು ಎಂದು ಎರಡು ಬಗೆಯಲ್ಲಿ ದೊರೆಯುತ್ತದೆ. ಕಾಗದದಂಥದ್ದು ಅಗ್ಗ, ಆದರೆ ನಾಲ್ಕು ಸಲ ಮುದುಡಿದರೆ ಅದರ ಗೆರೆಗಳು ಮೇಲೆ ಮೂಡುತ್ತವೆ. ಕೈಮಗ್ಗದ ಬಟ್ಟೆಗೆ ಹತ್ತಿಯದ್ದೇ ಸರಿ. ಅಂಟಿಸುವಾಗ ಇಸ್ತ್ರಿಯನ್ನು ಎಳೆಯದೆ, ಒಂದೆಡೆ ಹತ್ತು ಹನ್ನೆರಡು ಸೆಕೆಂಡು ಒತ್ತಿ, ಎತ್ತಿ, ಪಕ್ಕದಲ್ಲಿ ಇಟ್ಟು ಮತ್ತೆ ಒತ್ತಬೇಕು. ಎಳೆದರೆ ಒಳಗೆ ಗುಳ್ಳೆ ಉಳಿಯುತ್ತದೆ. ಖಣ, ಇಳಕಲ್ ಸೀರೆಯ ಸೆರಗು ಮೊದಲಾದ, ಕತ್ತರಿಸಿದೊಡನೆ ಎಳೆ ಬಿಚ್ಚಿಕೊಳ್ಳುವ ಬಟ್ಟೆಗಳಿಗೆ ಮೊದಲು ಫ್ಯೂಸಿಂಗ್ ಅಂಟಿಸಿ ತಣ್ಣಗಾದ ಮೇಲೆ ಕತ್ತರಿಸಿ. ಈ ಒಂದು ಕ್ರಮಬದಲಾವಣೆಯಿಂದ ಅರ್ಧ ತೊಂದರೆ ತಪ್ಪುತ್ತದೆ.

ಇಳಕಲ್ ಸೀರೆಯ ವಿಷಯದಲ್ಲಿ ಇನ್ನೊಂದು ಮಾತು. ಅದರ ಮೈ ಹತ್ತಿಯದಾಗಿದ್ದು ಸೆರಗು ರೇಷ್ಮೆಯದಾಗಿದ್ದರೆ, ಎರಡರ ಹಾಸುಗಳನ್ನು ಕೊಂಡಿ ಹಾಕಿ ಜೋಡಿಸಿರುತ್ತಾರೆ. ಮೈ ಜೀರ್ಣವಾದ ಅಜ್ಜಿಯ ಸೀರೆಯಲ್ಲೂ ಸೆರಗು ಗಟ್ಟಿಯಾಗಿ ಉಳಿದಿರುವುದುಂಟು. ಹೊಸ ಬಟ್ಟೆಗಿಂತ ಅದೇ ಒಳ್ಳೆಯ ಉಡುಗೊರೆಯ ಸಾಮಗ್ರಿ ಎಂಬುದು ನನ್ನ ಅಭಿಪ್ರಾಯ. ಬೆಳಕಿಗೆ ಹಿಡಿದು ನೋಡಿ, ತೆಳುವಾದ ಜಾಗ ಬಿಟ್ಟು ಕತ್ತರಿಸಬೇಕಷ್ಟೆ.

ಸೂಜಿಯ ವಿಷಯ ಚಿಕ್ಕದು. ರೇಷ್ಮೆಗೆ 11, ಸಾಧಾರಣ ಹತ್ತಿಗೆ 14, ಕ್ಯಾನ್ವಾಸ್ ಅಥವಾ ಜೀನ್ಸ್ ಬಟ್ಟೆ ಸೇರಿದರೆ 16ನೇ ನಂಬರಿನ ಸೂಜಿ. ಹೊಸ ಕೆಲಸಕ್ಕೆ ಹೊಸ ಸೂಜಿ ಹಾಕಿ. ಮೊಂಡಾದ ಸೂಜಿ ರೇಷ್ಮೆಯ ಎಳೆಯನ್ನು ಎಳೆದು ಗೆರೆ ಬೀಳಿಸಿದರೆ ಅದು ಮತ್ತೆ ಸರಿಯಾಗದು. ಟಾಕೆಯ ಉದ್ದ 2.5 ಮಿಲಿಮೀಟರ್ ಇರಲಿ, ಮೇಲೆ ಕಾಣುವ ಹೊಲಿಗೆಗೆ 3. ಕತ್ತರಿಸಿ ಉಳಿದ ತುಂಡಿನ ಎರಡು ಪದರದ ಮೇಲೆ ಒಂದು ಗೆರೆ ಹೊಲಿದು, ಮೇಲ್ದಾರವೂ ಬಾಬಿನ್ ದಾರವೂ ಸಮನಾಗಿ ಬಿಗಿಯುತ್ತಿವೆಯೇ ಎಂದು ನೋಡಿಯೇ ಮುಂದುವರಿಯಿರಿ.

ಲಾಡಿ ಸಂಚಿ

ಎಲೆಯಡಿಕೆಯ ಸಂಚಿ ನಮ್ಮ ಹಿರಿಯರ ಸೊಂಟದಲ್ಲಿ ಇದ್ದದ್ದೇ. ಇಂದು ಅದೇ ಆಕಾರ ಗೃಹಪ್ರವೇಶ, ನಾಮಕರಣ, ವರಮಹಾಲಕ್ಷ್ಮಿ ಹಬ್ಬಗಳಲ್ಲಿ ತಾಂಬೂಲ ಕೊಡಲು ಮರಳಿ ಬಂದಿದೆ. ಇಲ್ಲಿ ಹೇಳುವ ಅಳತೆಯಲ್ಲಿ ಹೊಲಿದು ಮುಗಿದ ಸಂಚಿ 7 ಇಂಚು ಅಗಲ, 9 ಇಂಚು ಎತ್ತರ ಇರುತ್ತದೆ.

ಚಿತ್ತಾರಕ್ಕೆ ತಲೆ ಬಾಲವಿಲ್ಲದಿದ್ದರೆ ಹೊರಬಟ್ಟೆಯನ್ನು 8 ಇಂಚು ಅಗಲ, 19 ಇಂಚು ಉದ್ದದ ಒಂದೇ ಪಟ್ಟಿಯಾಗಿ ಕತ್ತರಿಸಿ. 44 ಇಂಚು ಅಗಲದ ಬಟ್ಟೆಯಲ್ಲಿ ಅಡ್ಡಲಾಗಿ ಐದು, ಉದ್ದಕ್ಕೆ ಎರಡು, ಒಟ್ಟು ಹತ್ತು ಸಂಚಿ ಒಂದು ಮೀಟರ್ ಹತ್ತು ಸೆಂಟಿಮೀಟರಿನಲ್ಲಿ ಏಳುತ್ತವೆ. ತಲೆ ಬಾಲವಿರುವ ಚಿತ್ತಾರವಾದರೆ 8 ಇಂಚು ಅಗಲ, 10 ಇಂಚು ಎತ್ತರದ ಎರಡೆರಡು ತುಂಡುಗಳು ಬೇಕು, ಆಗಲೂ ಅಷ್ಟೇ ಬಟ್ಟೆಯಲ್ಲಿ ಹತ್ತು ಸಂಚಿ ಬರುತ್ತವೆ. ಹೀಗೆ ಬಿಡಿಯಾಗಿ ಕತ್ತರಿಸಿದವರು ಮೊದಲು ತಳವನ್ನು ಅರ್ಧ ಇಂಚು ಒಳಗೆ ಹೊಲಿದು ಜೋಡಿಸಿಕೊಂಡರೆ ಅದೂ 19 ಇಂಚಿನ ಪಟ್ಟಿಯೇ ಆಗುತ್ತದೆ, ಮುಂದಿನ ಕೆಲಸ ಇಬ್ಬರಿಗೂ ಒಂದೇ. ಒಳಬಟ್ಟೆ ಯಾವಾಗಲೂ 8 ಇಂಚು ಅಗಲ, 10 ಇಂಚು ಎತ್ತರದ ಎರಡು ತುಂಡು.

ಮೊದಲಿಗೆ ಹೊರಪಟ್ಟಿಯ ಒಂದೊಂದು ಗಿಡ್ಡ ತುದಿಗೂ ಒಂದೊಂದು ಒಳಬಟ್ಟೆಯನ್ನು, ಎರಡರ ಮೇಲ್ಮುಖಗಳು, ಅಂದರೆ ಹೊರಗೆ ಕಾಣಬೇಕಾದ ಬದಿಗಳು, ಒಂದಕ್ಕೊಂದು ಎದುರಾಗುವಂತೆ ಇಟ್ಟು ಅರ್ಧ ಇಂಚು ಬಿಟ್ಟು ಹೊಲಿಯಿರಿ. ದರ್ಜಿಗಳ ಮಾತಿನಲ್ಲಿ ಹೇಳುವುದಾದರೆ ಸೀದಾಕ್ಕೆ ಸೀದಾ. ಈಗ ಒಳಬಟ್ಟೆ, ಹೊರಬಟ್ಟೆ, ಒಳಬಟ್ಟೆ ಎಂಬ ಕ್ರಮದಲ್ಲಿ 37 ಇಂಚಿನ ಒಂದು ಉದ್ದ ಪಟ್ಟಿ ಸಿಗುತ್ತದೆ. ಎರಡೂ ಹೊಲಿಗೆಗಳನ್ನು ಹಿಂಬದಿಯಲ್ಲಿ ಬಿಡಿಸಿ ಇಸ್ತ್ರಿ ಒತ್ತಿ. ಈ ಇಸ್ತ್ರಿಯನ್ನು ಕೊನೆಗೆ ಮಾಡಿದರಾಯಿತು ಎಂದು ಮುಂದೂಡಿದರೆ ಸಂಚಿಯ ಬಾಯಿ ಉಬ್ಬಿಕೊಂಡೇ ಉಳಿಯುತ್ತದೆ.

ಪಟ್ಟಿಯನ್ನು ಮೇಲ್ಮುಖ ಒಳಗಾಗುವಂತೆ ನಡುವೆ ಮಡಿಸಿ, ಹೊರಬಟ್ಟೆ ಹೊರಬಟ್ಟೆಯ ಮೇಲೆ, ಒಳಬಟ್ಟೆ ಒಳಬಟ್ಟೆಯ ಮೇಲೆ ಕೂರುವಂತೆ ಗುಂಡುಪಿನ್ನು ಚುಚ್ಚಿ. ಎರಡು ಬಟ್ಟೆಗಳು ಸೇರುವ ಹೊಲಿಗೆಗಳು ಎರಡೂ ಪಕ್ಕಗಳಲ್ಲಿ ಒಂದರ ಮೇಲೊಂದು ನಿಖರವಾಗಿ ಬಿದ್ದಿರಬೇಕು. ಆ ಹೊಲಿಗೆಯಿಂದ ಹೊರಬಟ್ಟೆಯ ಕಡೆಗೆ 1 ಇಂಚು ಅಳೆದು ಒಂದು ಗುರುತು, 1¾ ಇಂಚಿಗೆ ಇನ್ನೊಂದು ಗುರುತನ್ನು ದರ್ಜಿ ಚಾಕಿನಿಂದ ಎರಡೂ ಪಕ್ಕಗಳಲ್ಲಿ ಹಾಕಿ. ಈ ಎರಡು ಗುರುತುಗಳ ನಡುವಿನ ಮುಕ್ಕಾಲು ಇಂಚು ಲಾಡಿ ಒಳಹೋಗುವ ಬಾಗಿಲು, ಅಲ್ಲಿ ಹೊಲಿಗೆ ಬೀಳಬಾರದು. ಉಳಿದಂತೆ ಎರಡೂ ಪಕ್ಕಗಳನ್ನು ಅರ್ಧ ಇಂಚು ಒಳಗೆ ಹೊಲಿದು, ಬಾಗಿಲಿನ ಎರಡೂ ತುದಿಗಳಲ್ಲಿ ಯಂತ್ರವನ್ನು ಹಿಂದೆ ಮುಂದೆ ಓಡಿಸಿ ಟಾಕೆಯನ್ನು ಗಟ್ಟಿ ಮಾಡಿ. ಒಳಬಟ್ಟೆಯ ತಳವನ್ನು ಹೊಲಿಯುವಾಗ ನಡುವೆ 3 ಇಂಚು ತೆರೆದು ಬಿಡಿ.

ತಳದ ಮೂಲೆಗಳಲ್ಲಿ ಹೆಚ್ಚಿನ ಬಟ್ಟೆಯನ್ನು ಓರೆಯಾಗಿ ಕತ್ತರಿಸಿ, ತೆರೆದು ಬಿಟ್ಟ ಕಿಂಡಿಯಿಂದ ಸಂಚಿಯನ್ನು ಪೂರ್ತಿ ಹೊರಳಿಸಿ. ಮೂಲೆಗಳನ್ನು ಚೂಪು ಮಾಡಲು ಕತ್ತರಿಯ ತುದಿ ಬೇಡ, ತೂತು ಬೀಳುತ್ತದೆ. ಮೊಂಡಾದ ಸ್ವೆಟರ್ ಕಡ್ಡಿ ಸಾಕು. ಕಿಂಡಿಯ ಅಂಚುಗಳನ್ನು ಒಳಮಡಚಿ ಹೊಲಿದು ಮುಚ್ಚಿ, ಒಳಬಟ್ಟೆಯನ್ನು ಒಳಗೆ ತಳ್ಳಿ, ಬಾಯಿಯ ಅಂಚನ್ನು ಇಸ್ತ್ರಿ ಮಾಡಿ. ಬಳಿಕ ಬಾಯಿಯಿಂದ 1 ಇಂಚು ಕೆಳಗೆ ಒಂದು ಸುತ್ತು, 1¾ ಇಂಚು ಕೆಳಗೆ ಇನ್ನೊಂದು ಸುತ್ತು ಎರಡು ಪದರಗಳೂ ಸೇರುವಂತೆ ಹೊಲಿದರೆ ಲಾಡಿ ಓಡುವ ದಾರಿ ಸಿದ್ಧವಾಗುತ್ತದೆ. 22 ಇಂಚಿನ ಎರಡು ಲಾಡಿಗಳನ್ನು ತೆಗೆದುಕೊಂಡು, ಒಂದನ್ನು ಸೇಫ್ಟಿ ಪಿನ್ನಿಗೆ ಸಿಕ್ಕಿಸಿ ಎಡಬಾಗಿಲಿನಿಂದ ತೂರಿಸಿ ಪೂರ್ತಿ ಸುತ್ತಿಸಿ ಎಡಕ್ಕೇ ಹೊರತನ್ನಿ. ಇನ್ನೊಂದನ್ನು ಬಲದಿಂದ ಬಲಕ್ಕೆ. ತುದಿಗಳಿಗೆ ಗಂಟು ಹಾಕಿ ಎರಡೂ ಕಡೆ ಎಳೆದರೆ ಬಾಯಿ ಮುಚ್ಚುತ್ತದೆ. ಕೈಬೆರಳು ನೋಯುವ ವಯಸ್ಸಾದವರಿಗೆ ಕೊಡುವುದಾದರೆ ನಯವಾದ ಸ್ಯಾಟಿನ್ ಲಾಡಿ ಮೇಲು, ಏಕೆಂದರೆ ಒರಟು ನೂಲಿನದ್ದು ದಾರಿಯಲ್ಲೇ ಸಿಕ್ಕಿಕೊಳ್ಳುತ್ತದೆ.

ತಾಂಬೂಲದಲ್ಲಿ ತೆಂಗಿನಕಾಯಿ ಇದೆಯೇ ಎಂಬುದನ್ನು ಕೇಳಿಕೊಳ್ಳದೆ ಈ ಅಳತೆಯಲ್ಲಿ ಹೊಲಿಯಬೇಡಿ. 7 ಇಂಚು ಅಗಲದ ಸಂಚಿಯ ಸುತ್ತಳತೆ 14 ಇಂಚು ಮಾತ್ರ, ಸುಲಿದ ಮಧ್ಯಮ ಗಾತ್ರದ ಕಾಯಿಯೇ ಹೆಚ್ಚುಕಡಿಮೆ ಅಷ್ಟಿರುತ್ತದೆ. ಕಾಯಿ ಹಾಕುವ ಸಂಚಿಗೆ 10 ಇಂಚು ಅಗಲ, 12 ಇಂಚು ಎತ್ತರದ ಎರಡೆರಡು ತುಂಡುಗಳನ್ನು ಕತ್ತರಿಸಿ. ಒಂದು ಮೀಟರ್ ಹತ್ತು ಸೆಂಟಿಮೀಟರಿನಲ್ಲಿ ಅಂಥವು ಆರು ಬರುತ್ತವೆ. ಲಾಡಿಯನ್ನೂ 26 ಇಂಚಿಗೆ ಹೆಚ್ಚಿಸಿ, ತಳದಲ್ಲಿ ಒಂದರ ಪಕ್ಕ ಒಂದು ಎರಡು ಹೊಲಿಗೆ ಹಾಕಿ. ಬಣ್ಣವನ್ನು ಆರಿಸುವಾಗಲೂ ಒಂದು ಎಚ್ಚರ: ಶುಭಕಾರ್ಯಕ್ಕೆ ಕಪ್ಪು ಬೇಡವೆನ್ನುವ ಮನೆಗಳು ಬೆಂಗಳೂರಿನಲ್ಲಿ ಇನ್ನೂ ಬಹಳ, ಸಂಜೆಯ ದೀಪದ ಬೆಳಕಿನಲ್ಲಿ ಗಾಢ ನೀಲಿಯ ಅಜ್ರಕ್ ಕಪ್ಪಾಗಿಯೇ ಕಾಣುತ್ತದೆ.

ಜಿಪ್ ಚೀಲ

ಜಿಪ್ ಎಂದೊಡನೆ ಹಿಂಜರಿಯುವವರು ಹೆಚ್ಚು, ಆದರೆ ಇದರಲ್ಲಿ ತೊಡಕಿರುವುದು ಎರಡೇ ಕಡೆ. 10 ಇಂಚು ಅಗಲ, 7 ಇಂಚು ಎತ್ತರದ ಹೊರಬಟ್ಟೆ ಎರಡು, ಅದೇ ಅಳತೆಯ ಒಳಬಟ್ಟೆ ಎರಡು, ಹೊರಬಟ್ಟೆಗೆ ಅಂಟಿಸಲು ಫ್ಯೂಸಿಂಗ್ ಎರಡು ಬೇಕು. ಸುರುಳಿಯಿಂದ ಮೀಟರ್ ಲೆಕ್ಕದಲ್ಲಿ ಕೊಡುವ ನೈಲಾನ್ ಜಿಪ್ಪನ್ನು 12 ಇಂಚು ಕೊಂಡು, ಅದನ್ನು ತೆರೆದು ಮುಚ್ಚುವ ರನ್ನರನ್ನು ಅಂಗಡಿಯಲ್ಲೇ ಹಾಕಿಸಿಕೊಂಡು ಬನ್ನಿ. ಲೋಹದ ಹಲ್ಲಿನ ಜಿಪ್ ಅಂದವಾದರೂ ಅದರ ಮೇಲೆ ಹೊಲಿದರೆ ಸೂಜಿ ಮುರಿಯುತ್ತದೆ.

ಹೊರಬಟ್ಟೆಯನ್ನು ಮೇಲ್ಮುಖ ಕಾಣುವಂತೆ ಇಟ್ಟು, ಅದರ ಮೇಲಂಚಿಗೆ ಸರಿಯಾಗಿ ಜಿಪ್ಪನ್ನು ಮುಖ ಕೆಳಗೆ ಮಾಡಿ, ಅದರ ಮೇಲೆ ಒಳಬಟ್ಟೆಯನ್ನು ಮೇಲ್ಮುಖ ಕೆಳಗೆ ಮಾಡಿ ಇಡಿ. ಜಿಪ್ ಎರಡೂ ಪಕ್ಕಗಳಲ್ಲಿ ಒಂದೊಂದು ಇಂಚು ಹೊರಚಾಚಿರಲಿ. ಹೊಲಿಯುವಾಗ ರನ್ನರನ್ನು ಆ ಹೊರಚಾಚಿದ ತುದಿಗೆ ಸರಿಸಿಟ್ಟರೆ ಅದು ಬಟ್ಟೆಯನ್ನು ಒತ್ತಿ ಹಿಡಿಯುವ ಪ್ರೆಸರ್ ಫುಟ್ಟಿಗೆ ಅಡ್ಡ ಬಂದು ಹೊಲಿಗೆಯನ್ನು ಸೊಟ್ಟ ಮಾಡುವುದಿಲ್ಲ. ಒಂದೇ ಕಾಲಿನ ಜಿಪ್ ಫುಟ್ ಹಾಕಿ ಕಾಲು ಇಂಚು ಒಳಗೆ ಹೊಲಿಯಿರಿ. ಎರಡೂ ಬಟ್ಟೆಗಳನ್ನು ಜಿಪ್ಪಿನಿಂದ ಹೊರಕ್ಕೆ ಮಡಚಿ ಇಸ್ತ್ರಿ ಒತ್ತಿ, ಅಂಚಿನುದ್ದಕ್ಕೂ ಮೇಲೊಂದು ಹೊಲಿಗೆ ಹಾಕಿ. ಇದಿಲ್ಲದಿದ್ದರೆ ಒಳಬಟ್ಟೆ ಬಂದು ರನ್ನರಿಗೆ ಸಿಕ್ಕಿಕೊಳ್ಳುತ್ತದೆ. ಇನ್ನೊಂದು ಪಕ್ಕವನ್ನೂ ಇದೇ ಕ್ರಮದಲ್ಲಿ ಜೋಡಿಸಿ.

ಈಗ ಮೊದಲ ತೊಡಕು. ರನ್ನರನ್ನು ನಡುವಿಗೆ ತಂದು ಜಿಪ್ಪನ್ನು ಅರ್ಧ ತೆರೆದೇ ಮುಂದಿನ ಹೊಲಿಗೆಗೆ ಕೈ ಹಾಕಬೇಕು. ಮುಚ್ಚಿಯೇ ಹೊಲಿದರೆ ಚೀಲವನ್ನು ಹೊರಳಿಸಲು ದಾರಿಯೇ ಇರುವುದಿಲ್ಲ. ರನ್ನರನ್ನು ನಡುವಿಗೆ ತರದೆ ಹೊರಚಾಚಿದ ತುದಿಯನ್ನು ಕತ್ತರಿಸಿದರಂತೂ ರನ್ನರ್ ಕಳಚಿ ಕೈಗೆ ಬರುತ್ತದೆ. ಈ ಎರಡು ತಪ್ಪುಗಳನ್ನೂ ನಾನು ಒಂದೇ ಮಧ್ಯಾಹ್ನ ಮಾಡಿದ್ದೇನೆ. ಹೊರಬಟ್ಟೆಗಳನ್ನು ಒಂದು ಕಡೆ, ಒಳಬಟ್ಟೆಗಳನ್ನು ಇನ್ನೊಂದು ಕಡೆ, ಮೇಲ್ಮುಖಕ್ಕೆ ಮೇಲ್ಮುಖ ಸೇರಿಸಿ, ಒಳಬಟ್ಟೆಯ ತಳದಲ್ಲಿ 4 ಇಂಚು ಬಿಟ್ಟು ಸುತ್ತಲೂ ಅರ್ಧ ಇಂಚು ಒಳಗೆ ಹೊಲಿಯಿರಿ. ಎರಡನೆಯ ತೊಡಕು ಬರುವುದು ಜಿಪ್ಪಿನ ತುದಿಗಳಲ್ಲಿ. ಅಲ್ಲಿ ಜಿಪ್ಪಿನ ಹಲ್ಲುಗಳು ಒಳಬಟ್ಟೆಯ ಕಡೆಗೆ ಬಾಗಿರುವಂತೆ ಪಿನ್ನು ಚುಚ್ಚಿ, ಚಕ್ರವನ್ನು ಕೈಯಿಂದಲೇ ನಿಧಾನವಾಗಿ ತಿರುಗಿಸುತ್ತ ದಾಟಿ, ಇನ್ನೊಂದು ಸಲ ಅದೇ ಗೆರೆಯ ಮೇಲೆ ಹೊಲಿಯಿರಿ. ಹಲ್ಲು ಹೊರಬಟ್ಟೆಯ ಕಡೆಗೆ ಬಾಗಿದರೆ ಹೊರಳಿಸಿದ ಮೇಲೆ ಮೂಲೆಗಳು ಗುಳಿಬೀಳುತ್ತವೆ. ಹೆಚ್ಚಿನ ಜಿಪ್ ಕತ್ತರಿಸಿ, ಚೀಲವನ್ನು ಹೊರಳಿಸಿ, ಕಿಂಡಿ ಮುಚ್ಚಿದರೆ 9 ಇಂಚು ಅಗಲದ ಚೀಲ ಸಿದ್ಧ. ಇದೇ ಅಳತೆಯಲ್ಲಿ ಒಳಬಟ್ಟೆಗೆ ನೀರು ಹಿಡಿಯದ ರೇನ್‌ಕೋಟ್ ಬಟ್ಟೆ ಹಾಕಿದರೆ ಪ್ರಯಾಣದ ಸೋಪು ಬ್ರಷ್ಷುಗಳಿಗೂ ಆಗುತ್ತದೆ, ಆದರೆ ಅದರ ಮೇಲೆ ಇಸ್ತ್ರಿ ಸೋಕಬಾರದು.

ದಿಂಬಿನ ಕವರು

ದೊಡ್ಡ ಚಿತ್ತಾರಕ್ಕೆ ಇದಕ್ಕಿಂತ ಸುಲಭದ ವಸ್ತುವಿಲ್ಲ. 16 ಇಂಚಿನ ದಿಂಬಿಗೆ ಮುಂಭಾಗ 17 ಇಂಚಿನ ಚೌಕ, ಹಿಂಭಾಗಕ್ಕೆ 17 ಇಂಚು ಉದ್ದ, 12 ಇಂಚು ಅಗಲದ ಎರಡು ತುಂಡು. ಹಿಂಭಾಗದ ತುಂಡುಗಳ ಒಂದೊಂದು ಉದ್ದ ಅಂಚನ್ನು ಅರ್ಧ ಇಂಚು, ಮತ್ತೆ ಒಂದು ಇಂಚು ಮಡಚಿ ಹೊಲಿಯಿರಿ. ಮುಂಭಾಗದ ಮೇಲ್ಮುಖದ ಮೇಲೆ ಇವೆರಡನ್ನೂ ಮುಖ ಕೆಳಗೆ ಮಾಡಿ, ನಡುವೆ 4 ಇಂಚು ಒಂದರ ಮೇಲೊಂದು ಬರುವಂತೆ ಇಟ್ಟು ನಾಲ್ಕೂ ಬದಿ ಹೊಲಿದು ಹೊರಳಿಸಿದರೆ, ಗುಂಡಿ ಜಿಪ್ಪುಗಳ ಹಂಗಿಲ್ಲದೆ ಮುಚ್ಚುವ ಕವರು ಸಿಗುತ್ತದೆ. ಖಣ ಕಿರಿದಾದ ಬಟ್ಟೆಯಾದ್ದರಿಂದ ಅದನ್ನು ನಡುವಿನ ಪಟ್ಟಿಯಾಗಿಟ್ಟು ಎರಡೂ ಪಕ್ಕಗಳಿಗೆ ಸಾದಾ ಹತ್ತಿ ಬಟ್ಟೆ ಜೋಡಿಸಬಹುದು. ಬೆಲೆಯ ಬಟ್ಟೆ ಮುಂಭಾಗಕ್ಕಷ್ಟೇ ಸಾಕು, ಗೋಡೆಗೆ ಒರಗುವ ಹಿಂಭಾಗಕ್ಕೆ ಅದನ್ನು ಹಾಕುವುದು ದುಂದು.

ಉಳಿದ ತುಂಡುಗಳು

ಎರಡು ಇಂಚಿಗಿಂತ ದೊಡ್ಡದಾದ ಯಾವ ತುಂಡನ್ನೂ ಎಸೆಯಬೇಡಿ. ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೆಯ ಸೀರೆ ಧೋತರಗಳ ತುಂಡುಗಳಿಂದ ಕೌದಿ ಹೊಲಿಯುವ ಪದ್ಧತಿ ಇರುವುದು ಗೊತ್ತಿದ್ದದ್ದೇ. ಉತ್ತರ ಕನ್ನಡದ ಸಿದ್ದಿ ಸಮುದಾಯದ ಹೆಂಗಸರು ಹೊಲಿಯುವ ಕವಂದಿಯ ಬಗೆ ಅದಕ್ಕಿಂತ ಭಿನ್ನವಾದದ್ದು. ಅವರು ತುಂಡುಗಳನ್ನು ಮೊದಲೇ ಒಂದಕ್ಕೊಂದು ಜೋಡಿಸಿಕೊಳ್ಳದೆ, ಅಡಿಯ ಸೀರೆಯ ಅಂಚಿನಿಂದ ಆರಂಭಿಸಿ, ಒಂದೊಂದೇ ತುಂಡನ್ನು ಇಡುತ್ತ, ಕೈಯಿಂದ ಓಡುಟಾಕೆ ಹಾಕುತ್ತ ಸುತ್ತು ಸುತ್ತಾಗಿ ನಡುವಿನ ಕಡೆಗೆ ಸಾಗುತ್ತಾರೆ. ಮೂಲೆಗಳಿಗೆ ಬಟ್ಟೆ ಮಡಚಿ ಮಾಡಿದ ‘ಫುಲ’ ಎಂಬ ಹೂವನ್ನು ಇಡದೆ ಕವಂದಿ ಮುಗಿಯದು. ಅಳತೆಯ ಹಂಗಿಲ್ಲದ ಈ ಕ್ರಮವೇ ನಮ್ಮ ಚೂರುಪಾರು ತುಂಡುಗಳಿಗೆ ಹೆಚ್ಚು ಒಗ್ಗುತ್ತದೆ. ಬಾಣಂತಿಯ ಮನೆಗೆ ಕೊಡಲು 30 ಇಂಚು ಅಗಲ, 36 ಇಂಚು ಉದ್ದದ ಪುಟ್ಟ ಕೌದಿ ಸಾಕು. ಅಡಿಯಲ್ಲಿ ಮೆತ್ತಗಾದ ಹಳೆಯ ಹತ್ತಿ ಸೀರೆಯ ಎರಡು ಮೂರು ಪದರ ಹಾಕಿ, ಮಗುವಿನ ಮೈಗೆ ಒತ್ತುವ ಜರಿ, ಬಾಯಿಗೆ ಹೋಗುವ ಮಣಿ, ಸುತ್ತಿಕೊಳ್ಳುವ ಲಾಡಿ ಯಾವುದೂ ಬಾರದಂತೆ ನೋಡಿಕೊಳ್ಳಿ. ಸಂಜೆಗೊಂದು ಸುತ್ತು ಹಾಕಿದರೂ ಕೆಲ ವಾರಗಳ ಕೆಲಸವಾದ್ದರಿಂದ ಸೀಮಂತದ ದಿನವೇ ಆರಂಭಿಸುವುದು ಒಳ್ಳೆಯದು.

ಕೊಡುವ ಮುನ್ನ

ಜೋತುಬಿದ್ದ ದಾರಗಳನ್ನೆಲ್ಲ ಕತ್ತರಿಸಿ, ಚಾಕಿನ ಗುರುತುಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ, ಕೊನೆಯ ಸಲ ಇಸ್ತ್ರಿ ಮಾಡಿ. ಗುಂಡುಪಿನ್ನುಗಳನ್ನು ಕೆಲಸ ಆರಂಭಿಸುವಾಗಲೂ ಮುಗಿಸಿದ ಮೇಲೂ ಎಣಿಸುವುದು ನನ್ನ ರೂಢಿ, ಒಳಪದರದಲ್ಲಿ ಒಂದು ಉಳಿದರೂ ಅದು ಯಾರದೋ ಬೆರಳಿಗೆ ಚುಚ್ಚುತ್ತದೆ. ವಿನ್ಯಾಸಕಾರರ ಹೆಸರು ಅಚ್ಚಾಗಿರುವ ಅಂಚಿನ ಪಟ್ಟಿಯನ್ನು ಎಸೆಯದೆ, ಅರ್ಧ ಇಂಚಿನ ತುಂಡಾಗಿ ಮಡಚಿ ಪಕ್ಕದ ಹೊಲಿಗೆಯಲ್ಲೇ ಸಿಕ್ಕಿಸಿದರೆ ಬಟ್ಟೆ ಯಾರದೆಂಬುದು ಗೊತ್ತಾಗುತ್ತದೆ. ಖಣ, ಇಳಕಲ್, ಅಜ್ರಕ್‌ಗಳಿಗೆ ಅಂಥ ಅಂಚು ಇರುವುದಿಲ್ಲವಾದ್ದರಿಂದ ಒಂದು ಸಣ್ಣ ಚೀಟಿಯಲ್ಲಿ ಬಟ್ಟೆಯ ಹೆಸರು, ಊರು, ಹತ್ತಿಯೋ ರೇಷ್ಮೆಯೋ ಎಂಬುದನ್ನು ಕೈಯಿಂದಲೇ ಬರೆದು, ಅದರ ಕೆಳಗೆ ‘ತಣ್ಣೀರಿನಲ್ಲಿ ಬೇರೆಯಾಗಿ ಒಗೆಯಿರಿ, ನೆರಳಿನಲ್ಲಿ ಒಣಗಿಸಿ’ ಅಥವಾ ರೇಷ್ಮೆಯಾದರೆ ‘ನೀರಿಗೆ ಹಾಕಬೇಡಿ’ ಎಂದು ಸೇರಿಸಿ ಸಂಚಿಯೊಳಗೆ ಇಡಿ.